ರೆಪ್ಪೆಯ ಮೇಲೊಂದು ಗೆರೆ, ಒಳಗೊಂದು ದಾರ

ಎದುರಿಗೆ ಕೂತವರು ಕಣ್ಣು ಮಿಟುಕಿಸುವುದನ್ನು ಗಮನಿಸಿದ್ದೀರಾ? ಕಣ್ಣು ಮುಚ್ಚಿದಾಗ ಮೇಲ್ರೆಪ್ಪೆ ನುಣುಪು. ತೆರೆದ ಕ್ಷಣ ಅಲ್ಲೊಂದು ಮಡಿಕೆ ಪ್ರತ್ಯಕ್ಷ! ಎಲ್ಲಿಂದ ಬಂತು ಅದು?

ರೆಪ್ಪೆ ಎತ್ತುವ ಸ್ನಾಯುವಿನ ಬಲು ಸಣ್ಣ ಎಳೆಗಳು ಚರ್ಮವನ್ನು ಒಳಗಿನಿಂದ ಹಿಡಿದಿರುತ್ತವೆ. ಸ್ನಾಯು ಮೇಲೆ ಸರಿದರೆ ಚರ್ಮವೂ ಒಳಕ್ಕೆ ಸೇದಿಕೊಳ್ಳುತ್ತದೆ. ಪೂರ್ವ ಏಷ್ಯಾದ ಬಹಳಷ್ಟು ಜನರಲ್ಲಿ ಆ ಹಿಡಿತ ಸಡಿಲ, ಕೊಬ್ಬಿನ ಪದರವೂ ಕೆಳಗಿನವರೆಗೆ ಇಳಿದಿರುತ್ತದೆ. ಹಾಗಾಗಿ ಮಡಿಕೆ ಮೂಡುವುದಿಲ್ಲ. ಅದು ಕಾಯಿಲೆಯಲ್ಲ, ಕೊರತೆಯೂ ಅಲ್ಲ. ಆದರೂ ಆ ಮಡಿಕೆ ಬೇಕೆನ್ನುವವರಿದ್ದಾರೆ.

1896ರಲ್ಲಿ ಜಪಾನಿನ ವೈದ್ಯ ಮಿಕಾಮೊ ಅವರ ಮುಂದೆ ಬಂದ ಯುವತಿಗೆ ಒಂದು ಕಣ್ಣಿಗೆ ಮಡಿಕೆಯಿತ್ತು, ಇನ್ನೊಂದಕ್ಕೆ ಇರಲಿಲ್ಲ. ಮಿಕಾಮೊ ಚರ್ಮ ಕೊಯ್ಯಲೇ ಇಲ್ಲ! ರೆಪ್ಪೆಯ ಒಳಮೈಯಿಂದ ಹೊರಚರ್ಮದವರೆಗೆ ರೇಷ್ಮೆ ದಾರದಲ್ಲಿ ಮೂರು ಹೊಲಿಗೆ ಹಾಕಿ, ಕೆಲವೇ ದಿನಗಳಲ್ಲಿ ದಾರ ತೆಗೆದುಬಿಟ್ಟರು. ಬೆರಗು ಇರುವುದು ಇಲ್ಲೇ: ದಾರ ಹೋದರೂ ಮಡಿಕೆ ಉಳಿಯುತ್ತದೆ! ದಾರ ಹಾದ ಜಾಗ ಮಾಯುವಾಗ ದೇಹವೇ ಅಲ್ಲಿ ಹೊಸ ಬೆಸುಗೆ ಕಟ್ಟಿಕೊಳ್ಳುತ್ತದೆ. ವೈದ್ಯರು ದಾರಿ ತೋರಿಸಿದರು, ಉಳಿದದ್ದನ್ನು ಗಾಯ ಮಾಯಿಸುವ ಶಕ್ತಿಯೇ ಮಾಡಿತು.

ಇಂದು ಸೋಲ್, ಟೋಕಿಯೊಗಳ ವೈದ್ಯರು ಕೂದಲಿನಷ್ಟು ನವಿರಾದ ನೈಲಾನ್ ದಾರ ಬಳಸುತ್ತಾರೆ. ರೆಪ್ಪೆಯನ್ನಷ್ಟೇ ಮರಗಟ್ಟಿಸಿ, ಸೂಜಿಮೊನೆಯಷ್ಟು ಚಿಕ್ಕ ರಂಧ್ರಗಳಿಂದ ದಾರವನ್ನು ಒಳಗೆ ಹಾಯಿಸಿ, ಗಂಟನ್ನು ಚರ್ಮದಡಿ ಹುದುಗಿಸುತ್ತಾರೆ. ರೋಗಿ ಎಚ್ಚರವಾಗಿಯೇ ಇರುತ್ತಾರೆ! "ಕಣ್ಣು ತೆರೆಯಿರಿ, ಮುಚ್ಚಿ" ಎನ್ನುತ್ತಾ ಎರಡೂ ಗೆರೆಗಳು ಸಮವಾಗಿವೆಯೇ ಎಂದು ಅಲ್ಲೇ ನೋಡಬಹುದು. ಕೊಯ್ದು ಮಾಡುವ ಶಸ್ತ್ರಚಿಕಿತ್ಸೆಗಿಂತ ಬಾವು ಬೇಗ ಇಳಿಯುತ್ತದೆ, ಉದ್ದನೆಯ ಕಲೆ ಉಳಿಯುವುದಿಲ್ಲ.

ಎಲ್ಲರಿಗೂ ಇದು ಒಗ್ಗದು. ತೆಳು ಚರ್ಮದ, ಕೊಬ್ಬು ಕಡಿಮೆ ಇರುವ ರೆಪ್ಪೆಗೆ ಇದು ಹೇಳಿ ಮಾಡಿಸಿದಂತಿದೆ. ಚರ್ಮ ದಪ್ಪವಿದ್ದರೆ, ಜೋತುಬಿದ್ದಿದ್ದರೆ ಕೊಯ್ಯುವ ವಿಧಾನವೇ ಮೇಲು. ವರ್ಷಗಳು ಕಳೆದಂತೆ ಹಿಡಿತ ಸಡಿಲಬಹುದು, ಗಂಟು ಹೊರಗಿಣುಕಬಹುದು. ದಾರ ಒಳಮೈಯಿಂದ ಹೊರಬಂದರೆ ಕಣ್ಣಿನ ಕರಿಗುಡ್ಡೆಗೇ ಉಜ್ಜೀತು.

ಆದರೆ ಮಡಿಕೆ ಹಿಡಿಸದಿದ್ದರೆ, ತಡಮಾಡದೆ ವೈದ್ಯರ ಬಳಿ ಹೋದಲ್ಲಿ, ದಾರ ಬಿಡಿಸಿ ಹೆಚ್ಚುಕಡಿಮೆ ಮೊದಲಿನಂತಾಗುವ ಅವಕಾಶವಿದೆ. ಆರೋಗ್ಯವಾಗಿರುವ ಕಣ್ಣನ್ನು ಬಯಕೆಗಾಗಿ ಮುಟ್ಟುವಾಗ ಮನಸ್ಸು ಬದಲಾಯಿಸಲೂ ಜಾಗ ಬಿಡಬೇಕು. ಆ ಜಾಗವನ್ನು ಬಿಟ್ಟಿರುವುದೇ ಈ ಸಣ್ಣ ದಾರದ ದೊಡ್ಡತನ!