ಗಾಲಿ ಮಾಡಿದ ಕೈಯ ಟೀಪಾಯಿ

ನಾನು ಮಹಾರಾಷ್ಟ್ರದ ಶಿರೋಳಕ್ಕೆ ಹೋದದ್ದು ಒಂದು ಚಕ್ಕಡಿ ಗಾಲಿ ನೋಡಲು. ಜಾಲಿ ಕಟ್ಟಿಗೆಯ, ಹನ್ನೆರಡು ಅರಗಳ, ಕಬ್ಬಿಣದ ಹಳಿ ಬಿಗಿದ ಗಾಲಿಯೊಂದು ಹಳೆಯ ಮನೆಯ ಗೋಡೆಗೆ ಒರಗಿ ಉಳಿದಿದೆ ಎಂದು ಕೇಳಿದ್ದೆ. ಗಾಲಿ ಇತ್ತು. ಅದನ್ನು ಮಾಡಿದ ಅಜ್ಜ ಪಕ್ಕದಲ್ಲೇ ಕೂತು ಪುಟ್ಟದೊಂದು ದುಂಡು ಟೀಪಾಯಿಗೆ ಕಾಲು ಕೂಡಿಸುತ್ತಿದ್ದರು. ಓಣಿಗೆಲ್ಲ ಅವರು ಮಿಸ್ತ್ರಿ ಅಜ್ಜ. ನೆರೆಯವರೊಡನೆ ಮರಾಠಿ, ಮನೆಯೊಳಗೆ ಕನ್ನಡ.

ಟೀಪಾಯಿ ಎಂದರೆ ಚಹಾ ಇಡುವ ಮೇಜು ಎಂದೇ ನಾನು ತಿಳಿದಿದ್ದೆ. ನಿಜಕ್ಕೆ ಅದು ತಿಪಾಯಿ, ಅಂದರೆ ಮೂರು ಕಾಲಿನದು. ಚಹಾ ಆಮೇಲೆ ಬಂದು ಹೆಸರಿಗೆ ಅಂಟಿಕೊಂಡಿತು. ಮೂರು ಕಾಲಿನ ಮೇಜು ಸೆಗಣಿ ಸಾರಿಸಿದ ಏರುತಗ್ಗಿನ ನೆಲದಲ್ಲೂ ಅಲುಗುವುದಿಲ್ಲ.

ಮಾಡುವ ಬಗೆ ತೋರಿಸಲು ಅಜ್ಜ ಬೇರೊಂದು ಹಲಗೆಯ ಅಡಿಮಗ್ಗುಲಿಗೆ ನಟ್ಟನಡುವೆ ಒಂದು ಮೊಳೆ ಹೊಡೆದರು. ಮೊಳೆಗೆ ಹುರಿ, ಹುರಿಯ ತುದಿಗೆ ಪೆನ್ಸಿಲ್. 9 ಇಂಚು ಹುರಿ ಬಿಟ್ಟು ಒಂದು ಸುತ್ತು ಬಂದರೆ 18 ಇಂಚಿನ ದುಂಡು ಸಿದ್ಧ. ಅದೇ 9 ಇಂಚಿನಿಂದ ಗೆರೆಯ ಮೇಲೆ ಅಳೆಯುತ್ತ ಹೋದರು. ಸರಿಯಾಗಿ ಆರನೆಯ ಅಳತೆಗೆ ಹೊರಟ ಜಾಗಕ್ಕೇ ಬಂದು ಮುಟ್ಟಿದರು.

"ನೋಡು ತಮ್ಮಾ, ಗಾಲೀದೂ ಇದ ಲೆಕ್ಕ. ಸುತ್ತಿಗೆ ಆರು ತುಂಡು, ತುಂಡಿಗೆ ಎರಡು ಅರ. ಟೀಪಾಯಿಗಾದ್ರ ಒಂದು ಬಿಟ್ಟು ಒಂದು ಗುರ್ತು ಹಿಡದ್ರ ಮೂರು ಕಾಲು."

ಗಾಲಿಯ ನಡುವಿನ ಗುಂಬದ ಹಾಗೆಯೇ ಟೀಪಾಯಿಗೂ ಒಂದು ದಪ್ಪ ದುಂಡು ತುಂಡು. ಅದಕ್ಕೆ ಮೂರು ಓರೆ ತೂತು. ಕಾಲಿನ ತುದಿಯನ್ನು ತೂತಿನಲ್ಲಿ ತೂರಿಸಿ, ಮೇಲಿನಿಂದ ಬೆಣೆ ಬಡಿದರೆ ಮುಗಿಯಿತು. ಓರೆ ಎಷ್ಟಿರಬೇಕು? ಪಾದಗಳು ಹಲಗೆಯ ಅಂಚಿಗಿಂತ ತುಸು ಆಚೆ ಚಾಚಿರಬೇಕು, ಇಲ್ಲದಿದ್ದರೆ ಯಾರಾದರೂ ಅಂಚಿಗೆ ಕೈಯೂರಿದಾಗ ಸುಲಭವಾಗಿ ಮಗುಚಿಕೊಳ್ಳುತ್ತದೆ. ಹಲಗೆಗೆ ಗುಂಬ ಬಿಗಿಯುವ ಸ್ಕ್ರೂ ತೂತುಗಳು ಮಾತ್ರ ದುಂಡಗಿಲ್ಲ, ಅಡ್ಡಕ್ಕೆ ಉದ್ದುದ್ದ. ಕಟ್ಟಿಗೆ ಮಳೆಗಾಲದಲ್ಲಿ ಅಡ್ಡಕ್ಕೆ ಉಬ್ಬುತ್ತದೆ, ಬೇಸಿಗೆಯಲ್ಲಿ ಸೊರಗುತ್ತದೆ. ಅದಕ್ಕೆ ಸರಿದಾಡಲು ಎಡೆ ಬಿಡದಿದ್ದರೆ ಹಲಗೆ ಸೀಳುತ್ತದೆ. ಉಳಿದದ್ದು ಬಾಚಿ, ರಂಧಾ, ಪಾಲಿಶ್ ಪೇಪರು, ಕೊನೆಗೆ ಅಗಸಿ ಎಣ್ಣೆ.

ದುಂಡು ಇವರಿಗೆ ಎಲ್ಲಿಂದ ಇಷ್ಟು ಒಲಿಯಿತು? ಅಜ್ಜ ಖಿದ್ರಾಪುರದ ಹೆಸರು ಹೇಳಿದರು. ಇದೇ ತಾಲ್ಲೂಕಿನ ಆ ಕೋಪೇಶ್ವರ ಗುಡಿ 12ನೆಯ ಶತಮಾನದ ಶಿಲಾಹಾರರ ಕಾಲದ್ದು. ಅಲ್ಲಿಯ ಸ್ವರ್ಗಮಂಟಪದ ಮಾಡು ನಡುವೆ ದುಂಡಗೆ ತೆರೆದಿದೆ. ಅದರ ನೇರ ಕೆಳಗೆ ದುಂಡು ಕಲ್ಲಿನ ಹಾಸು. ಅಜ್ಜ ಚಿಕ್ಕವರಿದ್ದಾಗ ಅವರ ಅಪ್ಪ ಆ ಕಲ್ಲಿನ ಮೇಲೆ ನಿಲ್ಲಿಸಿ ಮೇಲೆ ನೋಡು ಎಂದಿದ್ದರಂತೆ.

ಗಾಲಿಗೆ ಹಳಿ ತೊಡಿಸುವ ದಿನದ ಮಾತು ಬಂದಾಗ ಅಜ್ಜನ ಕೈ ನಿಂತಿತು. ಕುಳ್ಳಿನ ಬೆಂಕಿಯಲ್ಲಿ ಕೆಂಪಗಾದ ಹಳಿಯನ್ನು ನಾಲ್ಕು ಜನ ಇಕ್ಕಳದಲ್ಲಿ ಎತ್ತಿ ಗಾಲಿಗೆ ಕೂರಿಸುತ್ತಿದ್ದರು. ಕಟ್ಟಿಗೆ ಉರಿ ಹಿಡಿಯುವ ಮೊದಲೇ ನೀರು ಸುರಿಯಬೇಕು. ಹಳಿ ಕುಗ್ಗಿ ಬಿಗಿಯುವಾಗ ಅರಗಳೆಲ್ಲ ಒಮ್ಮೆಲೇ ಕಟಕಟ ಅನ್ನುತ್ತಿದ್ದವು. "ಆ ಸಪ್ಪಳ ಕೇಳಿ ಮೂವತ್ತು ವರ್ಷಾತು." ಕಬ್ಬಿನ ಸೀಮೆ ಇದು, ಊರಲ್ಲೇ ದತ್ತ ಸಹಕಾರಿ ಸಕ್ಕರೆ ಕಾರ್ಖಾನೆಯಿದೆ. ಕಬ್ಬು ಹೇರುವ ಗಾಡಿಗಳಿಗೆ ರಬ್ಬರ್ ಟೈರು ಬಂದವು, ಹಿಂದೆಯೇ ಟ್ರ್ಯಾಕ್ಟರ್. ಸುಗ್ಗಿಯಲ್ಲಿ ದುಡಿಮೆಗೆ ಪ್ರತಿಯಾಗಿ ಬಡಿಗೇರರ ಮನೆಗೆ ಬರುತ್ತಿದ್ದ ಆಯದ ಜೋಳ ನಿಂತಿತು.

2019ರ ಆಗಸ್ಟ್‌ನಲ್ಲಿ ಕೃಷ್ಣೆ, ಪಂಚಗಂಗೆ ಎರಡೂ ಉಕ್ಕಿ ತಾಲ್ಲೂಕಿನ ಹಲವು ಊರುಗಳನ್ನು ಮುಳುಗಿಸಿದವು. ನೀರಿಳಿದಾಗ ಓಣಿಯ ಅಂಗಳಗಳಲ್ಲಿ ಅಂಗಡಿಯಿಂದ ತಂದ ಒತ್ತುಹಲಗೆಯ ಮೇಜುಗಳು ನೆನೆದ ರೊಟ್ಟಿಯ ಹಾಗೆ ಬಿದ್ದಿದ್ದವಂತೆ. ಅಜ್ಜನ ಟೀಪಾಯಿಯನ್ನು ತೊಳೆದು ನೆರಳಲ್ಲಿ ಒಣಗಿಸಿದ ಮನೆಯೊಂದರಲ್ಲಿ ಅದು ಇಂದಿಗೂ ಇದೆ. ನಾನು ಅದರ ಮೇಲಿಟ್ಟ ಚಹಾ ಕುಡಿದೆ. ಇಂಥದ್ದನ್ನು ಒಂದಾದರೂ ಮಾಡಿಸಿಕೊಳ್ಳಿ ಎಂದು ಎಲ್ಲರಿಗೂ ಹೇಳಬೇಕೆನಿಸಿತು. ಆದರೆ ಕಲಿಯಲು ಯಾರೂ ಬರುತ್ತಿಲ್ಲ, ಒಣಗಿದ ಜಾಲಿಯೂ ಅಜ್ಜನ ಬಳಿ ಹೆಚ್ಚಿಲ್ಲ.

ಹೊರಡುವಾಗ ಗಾಲಿಯ ಹಿಂದೆ ಇನ್ನೊಂದು ಜೋಡಿಸಿದ ಹಲಗೆ ಕಂಡಿತು. ಮೊಳೆಯ ಗುರುತು, ಸುತ್ತ ಪೆನ್ಸಿಲ್ ಗೆರೆ. ಗರಗಸ ಇನ್ನೂ ತಾಗಿಲ್ಲ. ಯಾವಾಗ ಕೊಯ್ಯುತ್ತೀರಿ ಅಜ್ಜಾ ಎಂದೆ.

"ಈಗ ಹಸಿ ಹವಾ ಐತಿ. ದಸರಾ ಆಗಲಿ, ನೋಡೂಣು."