ಹಳ್ಳಿಯ ಹುಟ್ಟು, ವೈದ್ಯನ ನೆಲೆ

ವೈದ್ಯರು ಹಳ್ಳಿಗೆ ಬರುವುದಿಲ್ಲವೆಂಬ ದೂರು ನಮ್ಮಲ್ಲಿ ಇಂದು ನಿನ್ನೆಯದಲ್ಲ. ಸರ್ ಜೋಸೆಫ್ ಭೋರರ ಅಧ್ಯಕ್ಷತೆಯ ಸಮಿತಿಯು 1946ರಲ್ಲಿ, ಅಲ್ಪಾವಧಿಯ ಎಲ್.ಎಂ.ಪಿ. ಶಿಕ್ಷಣವನ್ನು ನಿಲ್ಲಿಸಿ ವೈದ್ಯನಾಗುವವನಿಗೆಲ್ಲ ಒಂದೇ ಬಗೆಯ ಪದವಿಯಿರತಕ್ಕದ್ದೆಂದು ಶಿಫಾರಸು ಮಾಡಿದಾಗ, ವೈದ್ಯರ ಅಭಾವವಿರುವ ದೇಶದಲ್ಲಿ ಆ ವರ್ಗವನ್ನೇ ತೊಡೆದುಹಾಕುವುದು ವಿವೇಕವಲ್ಲವೆಂದು ಅದರ ಕೆಲವು ಸದಸ್ಯರು ಭಿನ್ನಮತವನ್ನು ಬರೆದಿಟ್ಟಿದ್ದರು. ಆ ದೂರಿನ ಬೆನ್ನಿಗೇ ಎರಡು ನಂಬಿಕೆಗಳು ಬೆಳೆದುಬಂದಿವೆ. ಕಷ್ಟಪಟ್ಟು ಓದಿ ವೈದ್ಯನಾದ ಹಳ್ಳಿಯ ಹುಡುಗ ಮತ್ತೆ ಆ ಕೆಸರಿಗೆ ಕಾಲಿಡಲಾರನೆಂಬುದು ಒಂದು. ಪೇಟೆಯಲ್ಲಿ ಹುಟ್ಟಿದವನಿಗೆ ಹಳ್ಳಿಯ ನೀರು ಎರಡು ದಿನವೂ ಒಗ್ಗದೆಂಬುದು ಇನ್ನೊಂದು. ಎರಡೂ ನಿಜವಾಗಿದ್ದರೆ ಹಳ್ಳಿಯಲ್ಲಿ ಒಬ್ಬ ವೈದ್ಯನೂ ಇರಬಾರದಾಗಿತ್ತು. ವಿಚಿತ್ರವೆಂದರೆ ಒಂದೇ ಬಾಯಿ ಇವೆರಡನ್ನೂ ಒಂದೇ ಸಂಜೆಯಲ್ಲಿ ಹೇಳುವುದುಂಟು.

ಮೊದಲನೆಯ ನಂಬಿಕೆ ಲೆಕ್ಕದೆದುರು ನಿಲ್ಲದು. ದಕ್ಷಿಣ ಆಫ್ರಿಕದಲ್ಲಿ 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಗ್ರಾಮಮೂಲದ ವೈದ್ಯರ ಪೈಕಿ ಶೇಕಡ 38ರಷ್ಟು ಮಂದಿ ಗ್ರಾಮಾಂತರದಲ್ಲಿ ವೃತ್ತಿನಿರತರಾಗಿದ್ದರೆ, ನಗರಮೂಲದವರಲ್ಲಿ ಅಂಥವರ ಪ್ರಮಾಣ ಶೇಕಡ 12ನ್ನು ಸ್ವಲ್ಪವೇ ಮೀರಿತ್ತು. ಅಮೆರಿಕ, ಆಸ್ಟ್ರೇಲಿಯಗಳ ಅನುಭವವೂ ಇದೇ ದಿಕ್ಕಿನದು. ಆದಕಾರಣವೇ ವಿಶ್ವ ಆರೋಗ್ಯ ಸಂಸ್ಥೆಯು 2010ರಲ್ಲಿ ಈ ವಿಷಯವಾಗಿ ಹೊರಡಿಸಿದ ಶಿಫಾರಸುಗಳಲ್ಲಿ, ಗ್ರಾಮೀಣ ಹಿನ್ನೆಲೆಯ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವುದಕ್ಕೆ ಮೊದಲ ಸ್ಥಾನವನ್ನು ಕೊಟ್ಟಿತು. ಆದರೆ ಅದೇ ಲೆಕ್ಕವನ್ನು ತಿರುಗಿಸಿ ಓದಿದರೆ, ಹಳ್ಳಿಯಿಂದ ಬಂದ ನೂರು ಮಂದಿಯಲ್ಲಿ ಅರವತ್ತಕ್ಕೂ ಮೀರಿದವರು ಗ್ರಾಮಾಂತರದಲ್ಲಿರಲಿಲ್ಲವೆಂಬುದೂ ಅಷ್ಟೇ ಸತ್ಯ. ಹುಟ್ಟು ಒಲವನ್ನು ಕೊಡುತ್ತದೆ, ತೀರ್ಪನ್ನು ಕೊಡುವುದಿಲ್ಲ.

ಆ ಒಲವಿಗೆ ಕಾರಣವನ್ನು ಮಣ್ಣಿನ ಋಣವೆಂದು ಹಾಡಿ ಹೊಗಳುವವರಿದ್ದಾರೆ. ನನಗೆ ತೋರುವ ಕಾರಣ ಅಷ್ಟು ಕಾವ್ಯಮಯವಾದದ್ದಲ್ಲ. ಅದು ಬರಿಯ ಪರಿಚಯ. ಕಡೆಯ ಬಸ್ಸು ಎಷ್ಟು ಹೊತ್ತಿಗೆ ಹೊರಡುತ್ತದೆ, ಕರೆಂಟು ಹೋದರೆ ರಾತ್ರಿ ಹೇಗೆ ಕಳೆಯುತ್ತದೆ, ಬೆಳಗ್ಗೆ ಮದ್ದು ತೆಗೆದುಕೊಂಡ ರೋಗಿಯೇ ಸಂಜೆ ಸಂತೆಯಲ್ಲಿ ಎದುರಾಗಿ ಸಲಿಗೆಯಿಂದ ಲೆಕ್ಕ ಕೇಳಿದರೆ ಏನೆನ್ನಬೇಕು, ಇವೆಲ್ಲವನ್ನೂ ಬಾಲ್ಯದಲ್ಲೇ ಕಂಡವನಿಗೆ ಹಳ್ಳಿಯೆಂಬುದು ಭೀತಿಯನ್ನೂ ಹುಟ್ಟಿಸದು, ವಿಶೇಷ ಪುಳಕವನ್ನೂ ಹುಟ್ಟಿಸದು. ಪಟ್ಟಣದಲ್ಲೇ ಬೆಳೆದು ಪಟ್ಟಣದ ದೊಡ್ಡಾಸ್ಪತ್ರೆಯಲ್ಲೇ ಕಲಿತವನಿಗಾದರೋ ಇವೆಲ್ಲ ಅಜ್ಞಾತ, ಅಜ್ಞಾತವಾದುದೇ ದುಸ್ಸಾಧ್ಯವೆಂದು ಕಾಣುತ್ತದೆ.

ಪರಿಚಯವೇ ಮುಖ್ಯವೆಂದ ಮೇಲೆ, ಪ್ರಮಾಣಪತ್ರದಲ್ಲಿರುವ ಹಳ್ಳಿಯೂ ಮನಸ್ಸಿನಲ್ಲಿರುವ ಹಳ್ಳಿಯೂ ಒಂದೇ ಎಂಬ ನಂಬಿಕೆಯನ್ನೂ ಪರೀಕ್ಷಿಸಬೇಕಾಗುತ್ತದೆ. ಕರ್ನಾಟಕದಲ್ಲಿ ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿದವರಿಗೆ ವೃತ್ತಿಶಿಕ್ಷಣದಲ್ಲಿ ಶೇಕಡ 15ರ ಮೀಸಲಾತಿಯುಂಟು. ಉದ್ದೇಶ ಶ್ಲಾಘ್ಯವಾದದ್ದೇ. ಆದರೆ ಶಾಲೆಯ ಕಟ್ಟಡ ನಿಂತ ಜಾಗವನ್ನು ಈ ನಿಯಮ ಅಳೆಯಬಲ್ಲುದೇ ಹೊರತು ಬಾಲಕನ ಬದುಕನ್ನು ಅಳೆಯಲಾರದು. ನಗರದ ಅಂಚಿನ ಪಂಚಾಯಿತಿಯೊಂದರಲ್ಲಿ ತಲೆಯೆತ್ತಿದ ಹವಾನಿಯಂತ್ರಿತ ಶಾಲೆಗೆ ನಗರದಿಂದಲೇ ಬಸ್ಸಿನಲ್ಲಿ ಹೋಗಿಬರುವ ಮಗುವೂ, ಮಲೆನಾಡಿನಲ್ಲಿ ಹೊಳೆ ದಾಟಿ ಶಾಲೆಗೆ ನಡೆಯುವ ಮಗುವೂ ಅದರ ಕಣ್ಣಿಗೆ ಸಮಾನರು. ಅದಾದ ಮೇಲೆ ಪಿ.ಯು.ಸಿ.ಯ ಎರಡು ವರ್ಷಗಳನ್ನು ನೀಟ್ ಪರೀಕ್ಷೆಯ ಸಲುವಾಗಿ ಪಟ್ಟಣದ ವಸತಿ ಕಾಲೇಜಿನಲ್ಲಿ ಕಳೆದವನಿಗೆ ಹದಿನಾರನೆಯ ವಯಸ್ಸಿನಲ್ಲಿ ಬಿಟ್ಟ ಊರು ರಜೆಯ ಊರಾಗಿಬಿಡುವುದು ಸಹಜ. ತಮಿಳುನಾಡು 2020ರಲ್ಲಿ ಬೇರೊಂದು ಅಳತೆಗೋಲನ್ನು ಹಿಡಿದು, ಸರ್ಕಾರಿ ಶಾಲೆಯಲ್ಲಿ ಓದಿದವರಿಗೆಂದು ವೈದ್ಯಕೀಯ ಸೀಟುಗಳಲ್ಲಿ ಶೇಕಡ 7.5ನ್ನು ಮೀಸಲಿಟ್ಟಿತು, ಸ್ಥಳವನ್ನು ಬಿಟ್ಟು ಸ್ಥಿತಿಯನ್ನು ನೋಡಿದ ಈ ಕ್ರಮ ಹೆಚ್ಚು ವಿವೇಚನೆಯುಳ್ಳದ್ದೆಂದು ನನ್ನ ಅಭಿಪ್ರಾಯ.

ಇನ್ನು ಪೇಟೆಯವನಿಗೆ ಹಳ್ಳಿ ಒಗ್ಗದೆಂಬ ಎರಡನೆಯ ನಂಬಿಕೆ. ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳ ಬಳಗವೊಂದು 1984ರಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟನ್ನು ಸ್ಥಾಪಿಸಿ, ಹೆಗ್ಗಡದೇವನಕೋಟೆಯ ಕಾಡಂಚಿನ ಗಿರಿಜನರ ನಡುವೆ ವೈದ್ಯವೃತ್ತಿಯನ್ನು ಆರಂಭಿಸಿತು. ದೆಹಲಿಯ ಏಮ್ಸ್‌ನಂಥ, ಇಡೀ ದೇಶದ ಕಣ್ಣು ನೆಟ್ಟಿರುವ ಸಂಸ್ಥೆಯಲ್ಲಿ ಕಲಿತ ವೈದ್ಯರ ತಂಡವೊಂದು ಛತ್ತೀಸಗಢದ ಬಿಲಾಸ್‌ಪುರದ ಬಳಿಯ ಗನಿಯಾರಿಯಲ್ಲಿ ಜನ ಸ್ವಾಸ್ಥ್ಯ ಸಹಯೋಗವನ್ನು ಕಟ್ಟಿತು. ಇವರನ್ನು ಜನ್ಮಸ್ಥಳದ ಪಟ್ಟಿಯಿಂದ ವಿವರಿಸುವುದು ಆಗದ ಮಾತು. ಇವರಲ್ಲಿ ಸಮಾನವಾಗಿ ಕಾಣುವ ಗುಣ ಒಂದೇ: ಯಾರೂ ಒಂಟಿಯಾಗಿ ಹೋಗಲಿಲ್ಲ. ಸಂಶಯ ಬಂದಾಗ ಕೇಳುವುದಕ್ಕೆ ಇನ್ನೊಬ್ಬ ವೈದ್ಯನಿದ್ದಲ್ಲಿ ಪೇಟೆಯವನಿಗೂ ಹಳ್ಳಿಯ ನೀರು ಒಗ್ಗುತ್ತದೆ.

ಕಟ್ಟಳೆಯೊಂದನ್ನು ಮಾಡಿದರೆ ಸಾಕು, ಎಲ್ಲರೂ ಹೋಗುತ್ತಾರೆಂದು ನಂಬಿದವರೂ ಇದ್ದಾರೆ. ನಮ್ಮ ರಾಜ್ಯದ 2012ರ ಕಡ್ಡಾಯ ಸೇವೆಯ ಕಾಯಿದೆ ಒಂದು ವರ್ಷದ ಸೇವೆಯನ್ನು ವಿಧಿಸಿತು. ಆದರೆ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯ ಪುಸ್ತಕವನ್ನು ಮೇಜಿನ ಮೇಲಿಟ್ಟುಕೊಂಡು ದಿನವೆಣಿಸುವ ತರುಣನಿಗೆ ಒಂದು ವರ್ಷವೆಂಬುದು ವಾಸವಲ್ಲ, ಪ್ರಯಾಣದ ನಡುವಣ ತಂಗುದಾಣ. 1972ರಲ್ಲಿ ಸ್ಥಾಪಿತವಾದ ಜಪಾನಿನ ಜಿಚಿ ವೈದ್ಯಕೀಯ ವಿಶ್ವವಿದ್ಯಾನಿಲಯದಲ್ಲಿಯೂ ಕರಾರಿದೆ, ಅದೂ ಸುಮಾರು ಒಂಬತ್ತು ವರ್ಷಗಳದು. ಆದರೆ ಅಲ್ಲಿ ದೇಶದ 47 ಪ್ರಾಂತಗಳಿಂದಲೂ ಕೆಲವರಂತೆ ವಿದ್ಯಾರ್ಥಿಗಳನ್ನು ಆರಿಸಿ, ಅವರ ಶುಲ್ಕದ ಭಾರವನ್ನು ತಾವೇ ಹೊತ್ತು, ಸೇವೆಗೆ ಅವರವರ ಪ್ರಾಂತಕ್ಕೇ ಕಳುಹಿಸುತ್ತಾರೆ. ನಮ್ಮಲ್ಲಿ ಖಾಸಗಿ ಸೀಟಿಗೆ ಲಕ್ಷಾಂತರ ರೂಪಾಯಿ ಸಾಲ ಮಾಡಿದ ತಂದೆಯ ಮಗನಿಗೆ ಸೇವಾಭಾವವನ್ನು ಬೋಧಿಸುವುದು ಸುಲಭ; ಬಡ್ಡಿಯನ್ನು ಕಟ್ಟುವವನು ಮಾತ್ರ ಬೋಧಕನಲ್ಲ.

ಮೊದಲ ವರ್ಷದ ವಿದ್ಯಾರ್ಥಿ ಹಳ್ಳಿಗೆ ಹೋಗುವೆನೆಂದರೆ ಅದನ್ನು ಪ್ರತಿಜ್ಞೆಯೆಂದೂ, ಹೋಗೆನೆಂದರೆ ಅದನ್ನು ಸ್ವಾರ್ಥವೆಂದೂ ಎಣಿಸುವುದು ಅವಸರದ ಮಾತು. ಮುಂದೆ ಅವನು ಶಸ್ತ್ರಚಿಕಿತ್ಸೆಯಂಥ ವಿಶೇಷ ವಿಷಯವನ್ನು ಹಿಡಿದರೆ ಅದಕ್ಕೆ ಬೇಕಾದ ಅರಿವಳಿಕೆ ತಜ್ಞ, ರಕ್ತನಿಧಿ ಎಲ್ಲವೂ ಪಟ್ಟಣದಲ್ಲಿರುತ್ತವೆ. ಜೀವನಸಂಗಾತಿ ಎಲ್ಲಿ ಬೆಳೆದವರು, ಅವರಿಗೆ ಎಲ್ಲಿ ಉದ್ಯೋಗ, ಮಕ್ಕಳಿಗೆ ಎಲ್ಲಿ ಶಾಲೆ ಎಂಬ ಪ್ರಶ್ನೆಗಳು ಹುಟ್ಟೂರಿನಷ್ಟೇ ಬಲವಾಗಿ ಎಳೆಯುತ್ತವೆ. ವೈದ್ಯಕೀಯ ತರಗತಿಗಳಲ್ಲಿ ಹೆಣ್ಣುಮಕ್ಕಳ ಸಂಖ್ಯೆ ಬೆಳೆಯುತ್ತಿರುವ ಈ ಕಾಲದಲ್ಲಂತೂ, ರಾತ್ರಿ ಹೆರಿಗೆಗೆಂದು ಬಾಗಿಲು ತಟ್ಟುವವರೊಡನೆ ನಿರ್ಭಯವಾಗಿ ಹೊರಡಬಹುದೇ ಎಂಬುದನ್ನು ಬಿಟ್ಟು ಈ ವಿಷಯವನ್ನು ಚರ್ಚಿಸುವುದೇ ನಿರರ್ಥಕ.

ನಿಮ್ಮ ಊರಿನ ಹುಡುಗಿ ವೈದ್ಯಕೀಯಕ್ಕೆ ಸೇರಿದಳೆಂದು ಸನ್ಮಾನಿಸಿ, ಓದು ಮುಗಿಸಿ ಇಲ್ಲಿಗೇ ಬರಬೇಕಮ್ಮಾ ಎಂದು ವೇದಿಕೆಯ ಮೇಲೆ ಮಾತು ತೆಗೆದುಕೊಳ್ಳುವ ಮುನ್ನ, ದಯವಿಟ್ಟು ಒಮ್ಮೆ ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದವರೆಗೆ ನಡೆದುಹೋಗಿ, ವೈದ್ಯರ ವಸತಿಗೃಹದಲ್ಲಿ ನೀರೂ ದೀಪವೂ ಭದ್ರವಾದ ಬಾಗಿಲೂ ಇವೆಯೇ ಎಂದು ನೋಡಿ ಬನ್ನಿ. ಇಲ್ಲವಾದರೆ ಆ ಅರ್ಜಿಯನ್ನು ಈಗಲೇ ಬರೆಯಿರಿ, ಅವಳ ಓದು ಮುಗಿಯುವುದಕ್ಕೆ ಇನ್ನೂ ಐದೂವರೆ ವರ್ಷಗಳಿವೆ.