ಮುಳ್ಳಯ್ಯನಗಿರಿ: ಒಂದು ಬೆಟ್ಟ, ಮೂರು ದಾರಿಯ ನೀರು

ಕರ್ನಾಟಕದ ಅತಿ ಎತ್ತರದ ಶಿಖರ ಯಾವುದು? ಮುಳ್ಳಯ್ಯನಗಿರಿ, ಸುಮಾರು 1,930 ಮೀಟರ್. ಪರೀಕ್ಷೆಗೆ ಇಷ್ಟು ಸಾಕು. ಆದರೆ ನಕ್ಷೆ ಹರಡಿಕೊಂಡು ಕುಳಿತ ವಿದ್ಯಾರ್ಥಿಗೆ ಇನ್ನೊಂದು ಸಂಗತಿ ಕಾಣುತ್ತದೆ. ಕರಾವಳಿಯ ಬೆನ್ನಿಗೆ ಗೋಡೆಯಂತಿರುವ ಪಶ್ಚಿಮಘಟ್ಟದ ಮುಖ್ಯ ಸಾಲಿನಲ್ಲಿ ನಿಂತಿರುವುದು ಕುದುರೆಮುಖ. ಅದಕ್ಕಿಂತಲೂ ಎತ್ತರದ ಮುಳ್ಳಯ್ಯನಗಿರಿ ಆ ಸಾಲನ್ನು ಬಿಟ್ಟು, ಪೂರ್ವಕ್ಕೆ ಸರಿದು, ಚಿಕ್ಕಮಗಳೂರಿನ ಮಗ್ಗುಲಲ್ಲಿದೆ.

ಇದು ಒಂಟಿ ಬೆಟ್ಟವಲ್ಲ. ಕುದುರೆಲಾಳದಂತೆ ಬಾಗಿದ ಬಾಬಾಬುಡನ್ ಶ್ರೇಣಿಯ ಒಂದು ತುದಿ. ಈ ಬಾಗಿನಿಂದಲೇ ಚಂದ್ರದ್ರೋಣ ಎಂಬ ಹೆಸರು. ಲಾಳದ ಒಳಗೆ ಕಾಫಿ ತೋಟಗಳ ಜಾಗರ ಕಣಿವೆ. ನೆತ್ತಿಯ ಮೇಲಿನದು ಕಬ್ಬಿಣದ ಅಂಶ ತುಂಬಿದ ಪಟ್ಟೆಪಟ್ಟೆ ಶಿಲೆ. ವಯಸ್ಸು 250 ಕೋಟಿ ವರ್ಷಗಳಿಗೂ ಹೆಚ್ಚು. ಸುತ್ತಲಿನ ಮೆದು ಕಲ್ಲು ಸವೆದು ಹೋದರೂ ಈ ಗಟ್ಟಿ ಕಲ್ಲು ಉಳಿಯಿತು, ಶಿಖರವಾಯಿತು. ಇದೇ ಶ್ರೇಣಿಯ ಕೆಮ್ಮಣ್ಣುಗುಂಡಿಯ ಅದಿರೇ ಭದ್ರಾವತಿಯ ಕಾರ್ಖಾನೆಯಲ್ಲಿ ಕಬ್ಬಿಣವಾದದ್ದು.

ಬೆಟ್ಟದ ನಿಜವಾದ ಹಿರಿಮೆ ಮಾತ್ರ ನೀರಿನಲ್ಲಿದೆ. ಘಟ್ಟದ ಮುಖ್ಯ ಸಾಲಿನಿಂದ ಒಳಗಿರುವುದರಿಂದ ಇಲ್ಲಿ ಬಿದ್ದ ಮಳೆ ಅರಬ್ಬಿ ಸಮುದ್ರಕ್ಕೆ ಇಳಿಯುವುದೇ ಇಲ್ಲ. ಜಾಗರ ಕಣಿವೆಯ ನೀರು ಸೋಮವಾಹಿನಿಯಾಗಿ ಭದ್ರೆಗೆ ಹೋಗುತ್ತದೆ. ದಕ್ಷಿಣದ ಇಳಿಜಾರಿನದು ಯಗಚಿಯಾಗಿ ಬೇಲೂರನ್ನು ಹಾಯ್ದು, ಹೇಮಾವತಿಯನ್ನು ಕೂಡಿ ಕಾವೇರಿಯಾಗುತ್ತದೆ. ಶ್ರೇಣಿಯ ಪೂರ್ವದ ಹಳ್ಳಗಳು ವೇದಾವತಿಯ ಪಾಲು. ಒಂದೇ ಮೋಡದ ಎರಡು ಹನಿಗಳಲ್ಲಿ ಒಂದು ಕೃಷ್ಣೆಯ ಜೊತೆ ಆಂಧ್ರದ ಕಡಲು ಸೇರಿದರೆ, ಇನ್ನೊಂದು ಕನ್ನಂಬಾಡಿ ಕಟ್ಟೆ ದಾಟಿ ತಮಿಳುನಾಡಿನತ್ತ ಸಾಗಬಹುದು!

ಮೂರರಲ್ಲಿ ಬಡವಿ ವೇದಾವತಿ. ಮುಂಗಾರಿನ ಮೋಡ ಪಶ್ಚಿಮದ ಮಗ್ಗುಲಲ್ಲೇ ಬಹುಪಾಲು ಬರಿದಾಗುತ್ತದೆ. ಬೆಟ್ಟ ಇಳಿದು ಕಡೂರಿಗೆ ಬರುವಷ್ಟರಲ್ಲಿ ಬಯಲುಸೀಮೆಯ ಒಣಗಾಳಿ. ಆ ನದಿಗೆ ಹಿರಿಯೂರಿನ ಬಳಿ 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಹರಿದ ಮೇಲೆ ಮತ್ತೆ ಕೋಡಿ ಕಾಣಲು 2022ರವರೆಗೆ ಕಾಯಬೇಕಾಯಿತು. ಎಂಬತ್ತೊಂಬತ್ತು ವರ್ಷ!

ಮಳೆ ನಿಂತ ಮೇಲೂ ಹಳ್ಳಗಳು ಹರಿಯುವುದಕ್ಕೆ ಕಾರಣ ನೆತ್ತಿಯ ಹುಲ್ಲುಗಾವಲು ಮತ್ತು ಕಣಿವೆಯ ಸಂದುಗಳಲ್ಲಿ ಅವಿತ ಶೋಲಾ ಕಾಡು. ದೂರದಿಂದ ಬೋಳಾಗಿ ಕಾಣುವ ಹುಲ್ಲಿನ ಗುಡ್ಡವನ್ನು ಪಾಳುಭೂಮಿ ಎಂದುಕೊಳ್ಳುವವರು ಬಹಳ. ಆ ಹುಲ್ಲಿನ ಬೇರು ನೀರನ್ನು ಹಿಡಿದು ಮೆಲ್ಲಗೆ ಬಿಡುತ್ತದೆ. ರಜೆಯ ದಿನ ಮೇಲೆ ಬರುವ ಕುಟುಂಬಗಳು ಮೆಟ್ಟಿಲು ಬಿಟ್ಟು ಹುಲ್ಲಿನ ಮೇಲೆ ಅಡ್ಡದಾರಿ ತುಳಿದರೆ ಮಣ್ಣು ಗಟ್ಟಿಯಾಗುತ್ತದೆ, ಮುಂದಿನ ಮಳೆಗೆ ಅಲ್ಲೇ ಕೊರಕಲು ಬೀಳುತ್ತದೆ. ಹಾಗೆ ಕೊಚ್ಚಿಹೋದ ಮಣ್ಣು ಹೋಗಿ ಕೂರುವುದು ಕೆಳಗಿನ ಕೆರೆಗಳ ತಳದಲ್ಲಿ.